ಕಪ್ಪು ಬಸಿಯ ಔಷಧ

ಮೊಮ್ಮಗಳು ನನಗೊಂದು ಡಬ್ಬಿ ತಂದುಕೊಟ್ಟಿದ್ದಾಳೆ. ಪ್ಲಾಸ್ಟಿಕ್ಕಿನದು. ಏಳು ಮನೆ, ಮನೆಗೊಂದು ಮುಚ್ಚಳ, ಮುಚ್ಚಳದ ಮೇಲೆ ವಾರದ ಹೆಸರು. ನೋಡಿದರೆ ನಮ್ಮ ಒಗ್ಗರಣೆ ಡಬ್ಬಿಯ ಮರಿಯಂತಿದೆ. ಸಾಸಿವೆ, ಜೀರಿಗೆ ಇರಬೇಕಾದಲ್ಲಿ ಗುಳಿಗೆಗಳಿವೆ. ಎಲ್ಲವೂ ನನ್ನ ಹೃದಯಕ್ಕೆ. ಅದು ದಣಿದಿದೆಯಂತೆ, ಊದಿದೆಯಂತೆ. ಡಾಕ್ಟರು ಪಟ ತೆಗೆಸಿ ನೋಡಿ, "ಅಜ್ಜೀ, ನಿಮ್ಮ ಹೃದಯ ಸ್ವಲ್ಪ ದೊಡ್ಡದಾಗಿದೆ" ಎಂದರು. ಐವತ್ತು ವರ್ಷ ಸಂಸಾರ ಮಾಡಿದರೂ ನಮ್ಮ ಅತ್ತೆಯ ಬಾಯಿಂದ ಬಾರದ ಮಾತು ಕಡೆಗೆ ಒಬ್ಬ ಡಾಕ್ಟರ ಬಾಯಿಂದ ಬಂತಲ್ಲ ಎಂದು ನಾನು ಖುಷಿಪಟ್ಟೆ. ಮೊಮ್ಮಗಳು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಈ ಡಬ್ಬಿ ತಂದಳು.

ಗುಳಿಗೆ ನುಂಗಲು ನನಗೆ ಬೇಸರವಿಲ್ಲ. ತೊಂದರೆ ಬೇರೆಯದು. ಗುಳಿಗೆಯನ್ನು ಅಂಗೈಗೆ ಹಾಕಿಕೊಂಡಾಗ ಎದುರಿಗೆ ಯಾರಾದರೂ ಇದ್ದರೆ ನನ್ನ ಕೈ ಬಾಯಿಯ ಕಡೆ ಹೋಗುವುದೇ ಇಲ್ಲ, ಎದುರಿಗಿದ್ದವರ ಕಡೆ ಚಾಚಿಕೊಳ್ಳುತ್ತದೆ. ಮೊನ್ನೆ ಕರೆಂಟಿನ ಮೀಟರು ನೋಡಲು ಬಂದವನಿಗೆ, "ತಗೋಪಾ" ಅಂದುಬಿಟ್ಟೆ. ಅವನು ಪೆಪ್ಪರಮಿಂಟು ಅಂದುಕೊಂಡು ಕೈ ಮುಂದೆ ಮಾಡಿದ. ಮೊಮ್ಮಗಳು ಒಳಗಿನಿಂದ ಓಡಿ ಬಂದು ತಡೆದಳು. "ಅಜ್ಜೀ, ಇದು ಪೇಢೆ ಅಲ್ಲ" ಎಂದು ಬೈದಳು. ಅದು ನನಗೂ ಗೊತ್ತು. ಕೈಗೆ ಗೊತ್ತಿಲ್ಲ. ನನ್ನ ಕೈ ಕಲಿತದ್ದು ಯಲಬುರ್ಗಿಯಲ್ಲಿ, ನಮ್ಮ ಮಾವನವರ ಪಡಸಾಲೆಯಲ್ಲಿ.

ನಾನು ಗಂಗಾವತಿಯ ಹುಡುಗಿ. ಹಳೆಯ ಕಾಲುವೆಯ ನೀರಲ್ಲಿ ಬೆಳೆದ ಅನ್ನ ಉಂಡು, ಇಡೀ ಓಣಿಗೆ ಕೇಳುವಂತೆ ಮಾತಾಡಿ ಬೆಳೆದವಳು. ಹದಿನಾರನೆಯ ವರ್ಷಕ್ಕೆ ಯಲಬುರ್ಗಿಗೆ ಕೊಟ್ಟರು. ಅಲ್ಲಿ ಜೋಳದ ರೊಟ್ಟಿ ಮತ್ತು ಮೌನ. ಗಂಡನಿಗೆ ಹೈದರಾಬಾದಿನಲ್ಲಿ ನೌಕರಿ, ಹಬ್ಬಕ್ಕಷ್ಟೇ ಊರಿಗೆ ಬರುವರು. ಸೊಸೆಯಾದವಳು ಮಾವನ ಎದುರಿಗೆ ನಿಲ್ಲಬಾರದು, ಹೊರಗಿನ ಗಂಡಸರ ಎದುರಿಗೆ ಬಾಯಿ ಬಿಡಬಾರದು. ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಬಹುದು. ಒಂದು ಸಲ ಬಳೆ ಅಂದರೆ ಚಹಾ ಆಗಿದೆ, ಎರಡು ಸಲ ಅಂದರೆ ಊಟ ಆಗಿದೆ. ರೊಟ್ಟಿ ನನಗೆ ಹತ್ತು ದಿನದಲ್ಲಿ ಒಗ್ಗಿತು. ಮೌನ ಒಗ್ಗಲಿಲ್ಲ. ಹಿತ್ತಿಲಿಗೆ ಹೋಗಿ ಎಮ್ಮೆಯ ಜೊತೆ ಮಾತಾಡುತ್ತಿದ್ದೆ. ಎಮ್ಮೆ ನಮ್ಮ ಅತ್ತೆಯ ಪಕ್ಷದ್ದು, ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಮಾವ ಬಟ್ಟೆ ಅಂಗಡಿಯ ಸಾಹುಕಾರರು. ಮನೆಯ ಮುಂಭಾಗವೇ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ನು ಇಟ್ಟುಕೊಂಡು ಕೂತವರು ಹುಸೇನ ಮಾಸ್ತರರು. ಮಾವ ಬಟ್ಟೆ ಹರಿದುಕೊಟ್ಟರೆ ಮಾಸ್ತರರು ಹೊಲಿದುಕೊಡಬೇಕು. ಹೀಗೆ ಮೂವತ್ತು ವರ್ಷ ಒಂದೇ ಕಟ್ಟೆಯಲ್ಲಿ ಕಳೆದಿದ್ದರು. ಮಾವ ಎತ್ತರದ ದಪ್ಪ ಆಳು, ಹಣೆ ತುಂಬ ವಿಭೂತಿ. ಮಾಸ್ತರರು ತೆಳ್ಳಗೆ, ಸಣ್ಣಗೆ, ಕಿವಿಯ ಮೇಲೆ ಸದಾ ಒಂದು ಸೂಜಿದಾರ. ಇಬ್ಬರೂ ಎಷ್ಟು ಮರ್ಯಾದಸ್ಥರು ಅಂದರೆ, ಅಷ್ಟು ಮರ್ಯಾದೆ ಒಳ್ಳೆಯದಲ್ಲ ಎಂದು ನಾನು ಈ ವಯಸ್ಸಿನಲ್ಲಿ ಧೈರ್ಯವಾಗಿ ಹೇಳಬಲ್ಲೆ.

ಮಾವ ಎದುರಿಗೆ ಜನ ಇದ್ದರೆ ಹುರಿದ ಶೇಂಗಾ ಕೂಡ ಒಬ್ಬರೇ ತಿಂದವರಲ್ಲ. ಬೆಳಿಗ್ಗೆ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತ ಕಟ್ಟೆಯ ಮೇಲೆ ನಿಂತಾಗ ಯಾರಾದರೂ ಹಾದುಹೋದರೆ, ಗಿಡದಿಂದ ಇನ್ನೊಂದು ಕಡ್ಡಿ ಮುರಿದು, "ತಗೋರಿ, ಭಾಳ ಛಲೋ ಐತಿ" ಅನ್ನುವರು. ಒಮ್ಮೆ ಕೊಪ್ಪಳದಿಂದ ಗದಗಕ್ಕೆ ರೈಲಿನಲ್ಲಿ ಹೊರಟಾಗ ಅತ್ತೆ ಬುತ್ತಿ ಕಟ್ಟಿಕೊಟ್ಟಿದ್ದರು. ಮಾವ ಗಂಟು ಬಿಚ್ಚುವ ಮುಂಚೆ ಬೋಗಿಯಲ್ಲಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತ ಹೋದರು. ಕೊನೆಯವರನ್ನು ಕರೆಯುವ ಹೊತ್ತಿಗೆ ಗದಗ ಬಂದಿತ್ತು. ಬುತ್ತಿ ಬಿಚ್ಚದೆ ಹಾಗೇ ಮನೆಗೆ ಬಂತು.

ಕರೆದವರದ್ದು ಒಂದು ಪಾಠವಾದರೆ ಕರೆಸಿಕೊಂಡವರದ್ದು ಇನ್ನೊಂದು. ಮೊದಲ ಸಲ "ಒಲ್ಲೆ" ಅನ್ನಬೇಕು. ಎರಡನೆಯ ಸಲ "ಈಗಷ್ಟ ಆಗೇತ್ರಿ" ಅನ್ನಬೇಕು. ಮೂರನೆಯ ಸಲ ತೆಗೆದುಕೊಳ್ಳಬೇಕು. ಮೂರನೆಯದನ್ನೂ ಬೇಡ ಅಂದರೆ ಆ ಮನೆಯ ಮೇಲೆ ಸಿಟ್ಟಿದೆ ಎಂದು ಅರ್ಥ. ಚಹಾ ಒಂದೇ ಕಪ್ಪು ಇದ್ದರೆ ಅರ್ಧವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿಯುವುದು. ಬಂದವರಿಗೆ ಕಪ್ಪು, ಮನೆಯವರಿಗೆ ಬಸಿ. ಇದು ನಮ್ಮ ಕಡೆ ಇವತ್ತಿಗೂ ನಡೆಯುತ್ತದೆ, ನಡೆಯಲಿ, ಚಹಾದ ಮಟ್ಟಿಗೆ ನನ್ನ ತಕರಾರಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮಾವನ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಕಣಕದ ಹಾಗೆ ಕುಳಿ ಬೀಳುತ್ತಿತ್ತು. ಚಪ್ಪಲಿ ಹಿಡಿಸದಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಬಟ್ಟೆಯ ಗಂಟಿಗೆ ಒರಗಿ ಕೂತೇ ನಿದ್ದೆ ಮಾಡುವರು. ಅತ್ತೆ ಎಲ್ಲ ದೇವರಿಗೂ ಹರಕೆ ಹೊತ್ತು, ಕೊನೆಗೆ ಕೊಪ್ಪಳದ ಡಾಕ್ಟರಿಗೂ ಹೇಳಿಕಳಿಸಿದರು. ಆ ಡಾಕ್ಟರು ಪ್ರತಿ ಸಂತೆಯ ದಿನ ಬಸ್ಸಿನಲ್ಲಿ ಯಲಬುರ್ಗಿಗೆ ಬಂದು ಹೋಗುವವರು.

ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿದರು. "ಸಾವ್ಕಾರ್ರ, ನಿಮ್ಮ ಹೃದಯ ದಣದೈತಿ. ನೀರು ಎತ್ತಿ ಹೊರಗ ಹಾಕೂ ತಾಕತ್ತು ಉಳದಿಲ್ಲ. ಅದಕ್ಕ ಕಾಲಾಗ ನಿಂತೈತಿ. ಈ ಔಷಧ ತಪ್ಪಸಬ್ಯಾಡ್ರಿ. ತಪ್ಪಿಸಿದ್ರ ನಾ ಜವಾಬ್ದಾರ ಅಲ್ಲ" ಎಂದರು. ಕಂದು ಬಣ್ಣದ ಔಷಧದ ಒಂದು ಬಾಟಲಿ ಕೊಟ್ಟರು. ಬಾಟಲಿಯ ಮೈಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ಒಂದು ಹಲ್ಲು ಅಂದರೆ ಒಂದು ದಿನದ ಪಾಲು. ದಿನಾ ಬೆಳಿಗ್ಗೆ ಒಂದು ಹಲ್ಲು ಕುಡಿಯಬೇಕು.

"ಇದು ಬಿರುಸಿನ ಔಷಧ" ಎಂದು ಡಾಕ್ಟರು ಮುಂದುವರಿಸಿದರು. "ಕುಡಿಯೂಕಿಂತ ಮೊದಲ ಒಂದು ನಿಮಿಷ ನಾಡಿ ಎಣಸ್ರಿ. ಅರವತ್ತರ ಕೆಳಗ ಬಂದ್ರ ಅವತ್ತ ಕುಡೀಬ್ಯಾಡ್ರಿ. ಹೆಚ್ಚಾದ್ರ ಊಟ ಸೇರೂದಿಲ್ಲ, ವಾಂತಿ ಆಗ್ತಾವ, ಕಣ್ಣಿಗೆ ಎಲ್ಲಾ ಹಳದಿ ಹಳದಿ ಕಾಣತೈತಿ. ಹಂಗೇನರ ಕಂಡ್ರ ತಡಾ ಮಾಡದ ನಿಲ್ಲಸಬೇಕು."

ಇಷ್ಟನ್ನೂ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮಾತಾಡಲು ಬಿಡದಿದ್ದರೆ ಕಿವಿ ಎಷ್ಟು ಚುರುಕಾಗುತ್ತದೆ ಎಂಬುದು ಸೊಸೆಯಾದವಳಿಗಷ್ಟೇ ಗೊತ್ತು.

ಒಂದು ನಿಮಿಷ ಎಣಿಸಬೇಕಾದರೆ ಗಡಿಯಾರ ಬೇಕಲ್ಲ. ನಮ್ಮ ಮನೆಯಲ್ಲಿ ಹೊತ್ತು ಗೊತ್ತಾಗುತ್ತಿದ್ದುದು ಅಂಗಳದ ನೆರಳಿನಿಂದ ಮತ್ತು ಅತ್ತೆಯ ಹಸಿವಿನಿಂದ. ಸೆಕೆಂಡಿನ ಮುಳ್ಳಿರುವ ಗಡಿಯಾರ ಓಣಿಗೆಲ್ಲ ಒಂದೇ, ಅದು ಹುಸೇನ ಮಾಸ್ತರರ ಜೇಬಿನಲ್ಲಿ. ಹಿಂದೊಮ್ಮೆ ಒಬ್ಬ ತಹಸೀಲ್ದಾರರ ಮಗನ ಮದುವೆಗೆ ಶೇರವಾನಿ ಹೊಲಿದುಕೊಟ್ಟಾಗ ಅವರು ಮೆಚ್ಚಿ ಕೊಟ್ಟ ಗಡಿಯಾರ. ಹಾಗಾಗಿ ಮರುದಿನದಿಂದ ನಾಡಿ ಎಣಿಸುವ ಕೆಲಸ ಮಾಸ್ತರರದ್ದಾಯಿತು. ಅಂಗಡಿ ತೆರೆಯುವ ಮುಂಚೆ ಪಡಸಾಲೆಗೆ ಬಂದು, ಮಾವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸುವರು. ಮಾವನಿಗೆ ಬಂದವರ ಎದುರು ಒಂದು ನಿಮಿಷ ಸುಮ್ಮನೆ ಕೂರುವುದು ಅಂದರೆ ಅಪಚಾರ. ಇಪ್ಪತ್ತು ಮೂವತ್ತು ಆಗುವಷ್ಟರಲ್ಲಿ, "ಮಾಸ್ತರ್ರ, ಮನ್ಯಾಗ ಎಲ್ಲಾರೂ ಅರಾಮ?" ಎಂದು ಕೇಳುವರು. ಮಾಸ್ತರರಿಗೆ ಉತ್ತರ ಕೊಡದಿರುವುದು ಅಪಚಾರ. "ನಿಮ್ಮ ಆಶೀರ್ವಾದ್ರಿ" ಅನ್ನುವರು. ಎಣಿಕೆ ತಪ್ಪುವುದು, ಮತ್ತೆ ಒಂದರಿಂದ ಶುರು.

ಮೊದಲ ದಿನವೇ ಆಗಬಾರದ್ದು ಆಯಿತು. ನಾಡಿ ಎಂಬತ್ತೆಂಟು ಬಂತು. ನಾನು ಬಾಟಲಿಯಿಂದ ಒಂದು ಹಲ್ಲು ಔಷಧವನ್ನು ಕಪ್ಪಿಗೆ ಸುರಿದು, ಬಸಿಯ ಮೇಲಿಟ್ಟು, ಹೊಸ್ತಿಲ ಮೇಲೆ ಇರಿಸಿ ಬಳೆ ಸದ್ದು ಮಾಡಿದೆ. ಮಾವ ಕಪ್ಪು ಎತ್ತಿಕೊಂಡರು. ಮಾಸ್ತರರ ಮುಖ ನೋಡಿದರು. ಕಪ್ಪು ಕೆಳಗಿಟ್ಟರು.

"ಮಾಸ್ತರ್ರ, ನೀವೂ ಒಂಚೂರು ತಗೋರಿ."

"ಒಲ್ಲೆರಿ ಸಾವ್ಕಾರ್ರ, ಅದು ನಿಮ್ಮ ಔಷಧ."

"ಔಷಧ ಅಂದ್ರ ಏನಾತು, ಒಳ್ಳೇದ ಅಲ್ಲೇನು? ತಗೋರಿ."

"ಈಗಷ್ಟ ಮನ್ಯಾಗ ಚಹಾ ಕುಡದ ಬಂದೇನ್ರಿ."

"ನನ್ನ ಸಲುವಾಗಿ ಬೆಳಿಗ್ಗೆ ಎದ್ದು ಬಂದೀರಿ. ನಿಮ್ಮನ್ನ ಎದುರಿಗೆ ಕುಂದ್ರಿಸಿಕೊಂಡು ನಾ ಒಬ್ಬಾವನ ಹ್ಯಾಂಗ ಕುಡೀಲಿ? ತಗೋರಿ."

ಮೂರು ಸಲ ಆಯಿತು. ಮಾಸ್ತರರಿಗೆ ಬೇರೆ ದಾರಿ ಇರಲಿಲ್ಲ. ಮಾವ ಅರ್ಧ ಬಸಿಗೆ ಸುರಿದುಕೊಂಡು ಕಪ್ಪನ್ನು ಮಾಸ್ತರರ ಕೈಗೆ ಕೊಟ್ಟರು. ಇಬ್ಬರೂ ಒಟ್ಟಿಗೆ ಕುಡಿದರು. ಅದೆಂಥ ಕಹಿಯೋ, ಮಾಸ್ತರರ ಟೋಪಿ ತಾನೇ ಹಿಂದಕ್ಕೆ ಸರಿಯಿತು. ಮಾವ ಮಾತ್ರ ಬಂದವರ ಎದುರಿಗೆ ಮುಖ ಕಿವುಚಬಾರದೆಂದು ನಗುತ್ತ ಕೂತರು. ಆಮೇಲೆ ಬೆಲ್ಲದ ತಟ್ಟೆ ಸರಿಸಿ, "ಬಾಯಿ ಸಿಹಿ ಮಾಡಿಕೋರಿ" ಎಂದರು.

ಆಗ ನಾನೇನಾದರೂ ಬುದ್ಧಿವಂತಳಾಗಿದ್ದೆ ಅಂದುಕೊಂಡೀರಿ. ಇಲ್ಲ. ಎಂಥ ದೊಡ್ಡ ಮನುಷ್ಯರು ನಮ್ಮ ಮಾವ, ಔಷಧವನ್ನೂ ಹಂಚಿಕೊಂಡು ಕುಡಿಯುತ್ತಾರೆ ಎಂದು ನನಗೆ ಹೆಮ್ಮೆಯಾಯಿತು. ಎಮ್ಮೆಗೆ ಹೇಳಿಯೂ ಬಂದೆ.

ಹೀಗೆ ದಿನಾ ನಡೆಯಿತು. ಬಾಟಲಿ ಹಲ್ಲಿನ ಲೆಕ್ಕಕ್ಕೆ ಸರಿಯಾಗಿ ಮುಗಿಯುತ್ತಿತ್ತು, ಯಾರಿಗೂ ಅನುಮಾನವಿಲ್ಲ. ಅತ್ತೆಯ ಪಾಲಿಗೆ ಬಂದದ್ದು ಕಣ್ಣಿನ ಪರೀಕ್ಷೆ. ಹಳದಿ ಕಾಣುತ್ತದೆಯೋ ಎಂದು ನೋಡಬೇಕಲ್ಲ. ಔಷಧವಾದ ಮೇಲೆ ಅತ್ತೆ ನನ್ನ ತವರಿನಿಂದ ಬಂದ ಅಕ್ಕಿಯನ್ನು ಮೊರದಲ್ಲಿ ಹಿಡಿದು ಬಂದು, "ಯಾವ ಬಣ್ಣ?" ಎಂದು ಕೇಳುವರು. ಮಾವ, "ಬೆಳ್ಳಗೈತಿ" ಅನ್ನುವರು. ಪಕ್ಕದಲ್ಲಿ ಕೂತ ಮಾಸ್ತರರು, "ಮಲ್ಲಿಗಿ ಹಂಗ ಐತ್ರಿ" ಎಂದು ಸೇರಿಸುವರು. ಅತ್ತೆ ಸಮಾಧಾನದಿಂದ ಒಳಗೆ ಬರುವರು. ನನ್ನ ತವರಿನ ಅಕ್ಕಿಯನ್ನು ಅವರು ಅಡುಗೆಗೆ ಬಳಸದೆ ಪರೀಕ್ಷೆಗೇ ಇಟ್ಟುಕೊಂಡರು ಎಂಬ ಸಂಕಟ ನನಗಿತ್ತು, ಅದು ಬೇರೆ ಮಾತು.

ಮೂರು ಸಂತೆ ಕಳೆದರೂ ಮಾವನ ಕಾಲಿನ ಬಾವು ಇಳಿಯಲಿಲ್ಲ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಹೆಚ್ಚಾಯಿತು. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ದಿನಾ ಪೂರಾ ಕುಡೀತೀರಿಲ್ಲೋ?"

"ಒಂದ್ ಹನಿ ಉಳಸಿಲ್ರಿ" ಎಂದರು ಮಾವ. ಅದು ಸುಳ್ಳಲ್ಲ. ಮಾಸ್ತರರೂ ಪಕ್ಕದಲ್ಲೇ ಕೂತು, "ಹೌದ್ರಿ, ನಾನ ಸಾಕ್ಷಿ" ಎಂದರು. ಅದಂತೂ ಇನ್ನೂ ನಿಜ.

ಡಾಕ್ಟರು ಯೋಚಿಸಿ, ಅದೇ ಔಷಧವನ್ನು ಇಮ್ಮಡಿ ಬಿರುಸು ಮಾಡಿ ಹೊಸ ಬಾಟಲಿ ಕೊಟ್ಟರು. ಅದು ಕೆಲಸ ಮಾಡಿತು. ಒಂದು ವಾರದಲ್ಲಿ ಮಾವನ ಬಾವು ಇಳಿಯಿತು, ಎರಡನೆಯ ವಾರ ಚಪ್ಪಲಿ ಹಿಡಿಸಿತು, ಮೂರನೆಯ ವಾರ ಕಾಲು ಚಾಚಿ ಮಲಗಿದರು. ಅತ್ತೆ ಹರಕೆ ತೀರಿಸಿದರು. ಡಾಕ್ಟರು ಎಲ್ಲರೆದುರು ತಮ್ಮನ್ನು ತಾವೇ ಹೊಗಳಿಕೊಂಡರು.

ಅದೇ ದಿನಗಳಲ್ಲಿ ಊರಲ್ಲಿ ಒಂದು ಹೊಸ ಪದ್ಧತಿ ಹುಟ್ಟಿತು. ಹನುಮಸಾಗರದ ಬೀಗರೊಬ್ಬರು ಮದುವೆಗೆಂದು ಹತ್ತಾರು ಬಿಳಿ ಅಂಗಿ ಹೊಲಿಸಿಕೊಂಡು ಹೋದರು. ಎಲ್ಲ ಅಂಗಿಗೂ ಅರಿಶಿನದ ಬಣ್ಣದ ದಾರ. ಗುಂಡಿಯ ಕಾಜಾ ಕೂಡ ಹಳದಿ. ಬೀಗರು ಒಂದು ಗಳಿಗೆ ಅಂಗಿ ಹಿಡಿದು ನಿಂತರು. ಮೂವತ್ತು ವರ್ಷ ಬಟ್ಟೆ ಹೊಲಿದ ಮಾಸ್ತರರಿಗೆ ನಾವೇನು ಹೇಳುವುದು, ಹೈದರಾಬಾದಿನ ಕಡೆ ಈಗ ಇದೇ ನಡೆದಿರಬೇಕು ಎಂದು ಸುಮ್ಮನಾದರು. ಮದುವೆಯಲ್ಲಿ ಅದನ್ನು ನೋಡಿದವರು ತಮಗೂ ಹಾಗೇ ಬೇಕೆಂದು ಕುಷ್ಟಗಿಯಿಂದ ಬಂದರು. ಶಾಲೆಯ ಮಾಸ್ತರರ ಬಿಳಿ ಕೋಟು ಹಳದಿ ದಾರದಲ್ಲಿ ಬಂತು. ನಮ್ಮ ಮನೆಯ ದಿಂಬಿನ ಚೀಲಗಳೂ ಹಾಗೇ ಬಂದವು. ಮಾವ ಅದನ್ನು ತಿರುವಿ ಮುರುವಿ ನೋಡಿ, "ಛಲೋ ಕಾಣತೈತಿ ಮಾಸ್ತರ್ರ" ಎಂದರು. ಇಡೀ ಊರಿನಲ್ಲಿ ಒಬ್ಬರೂ, "ಇದೇನ್ರಿ ಬಿಳಿ ಬಟ್ಟಿಗೆ ಹಳದಿ ದಾರ" ಎಂದು ಕೇಳಲಿಲ್ಲ. ಎಲ್ಲರಿಗೂ ಅಷ್ಟು ಮರ್ಯಾದೆ.

ನನಗೂ ಹೊಳೆಯಲಿಲ್ಲ. ದಿಂಬಿನ ಚೀಲ ಚೆನ್ನಾಗಿದೆ ಅಂದುಕೊಂಡೆ. ಆದರೆ ಇನ್ನೊಂದನ್ನು ನೋಡುತ್ತಿದ್ದೆ. ಮಾಸ್ತರರು ಬರಬರುತ್ತ ಬೆಲ್ಲ ಮುಟ್ಟುವುದನ್ನು ಬಿಟ್ಟರು. ಮೂರು ಸಲ ಕರೆದರೂ ಒಲ್ಲೆ, ಐದು ಸಲ ಕರೆದರೂ ಒಲ್ಲೆ. ಐದು ಸಲ ಒಲ್ಲೆ ಅಂದವರನ್ನು ನಾನು ಆ ಊರಿನಲ್ಲಿ ಕಂಡಿರಲಿಲ್ಲ. ಔಷಧವನ್ನು ಮಾತ್ರ ಬಿಡದೆ ಕುಡಿಯುತ್ತಿದ್ದರು, ಸಾಹುಕಾರರು ನೊಂದುಕೊಂಡಾರು ಎಂದು.

ಒಂದು ಸಂತೆಯ ದಿನ ಬೆಳಿಗ್ಗೆ ಮಾಸ್ತರರು ಬರಲಿಲ್ಲ. ನಾನು ಅವತ್ತಿನ ಒಂದು ಹಲ್ಲು ಔಷಧ ಸುರಿದು ಹೊಸ್ತಿಲ ಮೇಲಿಟ್ಟು ಬಂದೆ. ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಮಾಸ್ತರರ ಹೆಂಡತಿ ಬೀಬಮ್ಮ ಬಂದರು. ಕಣ್ಣು ಕೆಂಪಗಿತ್ತು.

"ಎರಡು ಲಿಂಬಿಹಣ್ಣು ಇದ್ರ ಕೊಡವ್ವಾ. ನಮ್ಮವರು ನಿನ್ನಿ ಸಂಜಿಂದ ಏನೂ ತಿಂದಿಲ್ಲ. ಬರೇ ವಾಂತಿ ಮಾಡ್ಕೋತಾರ. ಎದ್ರ ತಲಿ ತಿರಗತೈತಿ ಅಂತಾರ. ನನ್ನ ಬಿಳಿ ಸೀರಿ ನೋಡಿ, ಹಳದಿ ಸೀರಿ ಯಾವಾಗ ತಗೊಂಡಿ ಅಂತ ಕೇಳತಾರವ್ವಾ."

ಲಿಂಬೆಹಣ್ಣು ನನ್ನ ಕೈಯಿಂದ ಬಿತ್ತು. ಅಂಗಿಗಳು, ಕಾಜಾಗಳು, ಶಾಲೆಯ ಮಾಸ್ತರರ ಕೋಟು, ನನ್ನ ದಿಂಬಿನ ಚೀಲ ಎಲ್ಲ ಒಮ್ಮೆಲೆ ಕಣ್ಣ ಮುಂದೆ ಬಂದವು. ನಾವೆಲ್ಲ ಇಷ್ಟು ದಿನ ಮಾವನ ಕಣ್ಣನ್ನು ಕಾಯುತ್ತಿದ್ದೆವು. ಹಳದಿಯಾದದ್ದು ಮಾಸ್ತರರ ಕಣ್ಣು. ಆ ಕಣ್ಣಿಗೆ ಬಿಳಿ ಬಟ್ಟೆಯೂ ಹಳದಿ ದಾರವೂ ಒಂದೇ ಬಣ್ಣ. ಅದರ ಹಿಂದೆಯೇ ಇನ್ನೊಂದು ಮಾತು ಎದೆಗೆ ಒದ್ದಿತು. ಇಮ್ಮಡಿ ಬಿರುಸಿನದ್ದರಲ್ಲಿ ಅರ್ಧ ಕುಡಿದದ್ದಕ್ಕೇ ಮಾವ ಸರಿಯಾಗಿದ್ದರು. ಇವತ್ತು ಹಂಚಿಕೊಳ್ಳಲು ಮಾಸ್ತರರಿಲ್ಲ, ನಾಡಿ ನೋಡಲು ಗಡಿಯಾರವಿಲ್ಲ. ಕಪ್ಪು ಪೂರ್ತಿ ತುಂಬಿದೆ. ಮಾವ ಅದನ್ನು ಪೂರ್ತಿ ಕುಡಿಯುತ್ತಾರೆ.

ನಾನು ಓಡಿದೆ. ಅಡುಗೆಮನೆ ದಾಟಿದೆ, ನಡುಮನೆ ದಾಟಿದೆ, ಬಾಗಿಲ ಹತ್ತಿರ ಬಂದಾಗ ಕಾಲು ತಾನೇ ನಿಂತುಬಿಟ್ಟಿತು. ಎರಡು ವರ್ಷ ಅದು ಅಲ್ಲೇ ನಿಂತು ಕಲಿತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಮಾವ ಬೀದಿಯ ಕಡೆ ನೋಡುತ್ತ ಕೂತಿದ್ದರು. "ಇವತ್ತ ಮಾಸ್ತರ ಬರಲಿಲ್ಲ. ಒಬ್ಬಾವನ ಕುಡೀಬೇಕಾತು" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಕಪ್ಪು ಎತ್ತಿದರು. ನಾನು ಬಳೆ ಸದ್ದು ಮಾಡಿದೆ. ಮಾವ, "ಚಹಾ ಆಮ್ಯಾಲೆ" ಎಂದರು. ಎರಡು ಸಲ ಮಾಡಿದೆ. "ಊಟಾನೂ ಆಮ್ಯಾಲೆ" ಎಂದರು. ಔಷಧ ಕುಡಿಯಬೇಡಿ ಅನ್ನಲು ಎಷ್ಟು ಸಲ ಬಳೆ ಆಡಿಸಬೇಕೆಂದು ಆ ಮನೆಯಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕಪ್ಪು ಗದ್ದದ ಹತ್ತಿರ ಬಂತು. ನಾನು ಹೊಸ್ತಿಲು ದಾಟಿ ಹೋಗಿ ಮಾವನ ಎದುರಿಗೆ ನಿಂತೆ.

"ಕುಡೀಬ್ಯಾಡ್ರಿ ಮಾವಾರ. ಅದು ಇಬ್ಬರದು."

ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲಾಗಲಿಲ್ಲ. ಡಾಕ್ಟರು ಹೇಳಿದ್ದು, ಕಪ್ಪು, ಬಸಿ, ಅರ್ಧ ಅರ್ಧ, ಇಮ್ಮಡಿ, ಹಳದಿ ದಾರ, ಬೀಬಮ್ಮನ ಸೀರೆ, ಐದು ಸಲ ಒಲ್ಲೆ ಅಂದದ್ದು, ಎಲ್ಲ ಹೇಳಿದೆ. ಜೊತೆಗೆ ನನ್ನ ತವರಿನ ಅಕ್ಕಿಯ ಮಾತೂ ಬಂದುಹೋಯಿತು. ಅತ್ತೆ ನಡುಮನೆಯಲ್ಲಿ ಮೊರ ಹಿಡಿದು ಕಂಬದಂತೆ ನಿಂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾವ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ. ರುಮಾಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ, ತಿಂಗಳುಗಟ್ಟಲೆ ಅಂಗಳ ದಾಟದಿದ್ದವರು ಒಬ್ಬರೇ ಓಣಿಯುದ್ದ ನಡೆದು ಮಾಸ್ತರರ ಮನೆಗೆ ಹೋದರು.

ಮಧ್ಯಾಹ್ನ ಡಾಕ್ಟರು ಬಂದವರು ಅಲ್ಲಿಗೇ ಹೋದರು. ಮಾಸ್ತರರ ನಾಡಿಯನ್ನು ಮಾಸ್ತರರದೇ ಗಡಿಯಾರದಲ್ಲಿ ಎಣಿಸಿದರು. ನಲವತ್ತನಾಲ್ಕು. ಡಾಕ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಮತ್ತೆ ಸಿಟ್ಟು ಬಂತು. "ಇಬ್ಬರೂ ಉಳದೀರಿ ಅಂದ್ರ ನನ್ನ ಔಷಧದಿಂದ ಅಲ್ಲ, ನಿಮ್ಮ ನಸೀಬದಿಂದ" ಎಂದು ಗದರಿದರು. ಮಾಸ್ತರರು ಹಾಸಿಗೆಯಲ್ಲೇ ಕೈ ಮುಗಿದರು.

"ಕಣ್ಣಿಗೆ ಹಳದಿ ಕಾಣತಿದ್ರ ಯಾಕ ಹೇಳಲಿಲ್ಲ?" ಎಂದು ಡಾಕ್ಟರು ಕೇಳಿದರು. "ದಿನಾ ಅಕ್ಕಿ ತೋರಸತಿದ್ರಲ್ಲ?"

"ಸಾವ್ಕಾರ್ರ ಸೊಸಿ ತವರಮನಿ ಅಕ್ಕಿರಿ ಅದು" ಎಂದರು ಮಾಸ್ತರರು. "ಹಳದಿ ಐತಿ ಅಂತ ನಾ ಹ್ಯಾಂಗ ಅನ್ಲಿ?"

ಈ ಮಾತನ್ನು ಬೀಬಮ್ಮ ಬಂದು ನನಗೆ ಹೇಳಿದಾಗ ನಾನು ಹಿತ್ತಿಲಿಗೆ ಹೋಗಿ ಎಮ್ಮೆಯ ಪಕ್ಕ ಕೂತು ಅತ್ತುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಆ ಊರಿನಲ್ಲಿ ನನ್ನ ತವರಿಗೆ ಅಷ್ಟು ಮರ್ಯಾದೆ ಕೊಟ್ಟವರು ಅವರೊಬ್ಬರೇ.

ಮಾಸ್ತರರು ಹದಿನೈದು ದಿನದಲ್ಲಿ ಸುಧಾರಿಸಿದರು. ಕಣ್ಣು ತಿಳಿಯಾದ ಮೇಲೆ ತಾವು ಹೊಲಿದ ಅಂಗಿಗಳನ್ನು ಬೀದಿಯಲ್ಲಿ ನೋಡಿ ಹೌಹಾರಿದರಂತೆ. ಒಂದು ಕಡೆ ಕೂತು ಎಲ್ಲವನ್ನೂ ಬಿಚ್ಚಿ ಹೊಲಿದುಕೊಡುತ್ತೇನೆ ಎಂದರೆ ಜನ ಕೊಡಲಿಲ್ಲ. ಮುಂದೆ ಎಷ್ಟೋ ದಿನ ಹಳದಿ ದಾರವನ್ನೇ ಕೇಳಿ ಹೊಲಿಸಿಕೊಂಡರು.

ಡಾಕ್ಟರು ಮಾವನಿಗೆ ಸರಿಯಾದ ಅಳತೆಯ ಔಷಧ ಕೊಟ್ಟು, "ಇನ್ನ ಮ್ಯಾಲೆ ಒಬ್ರ ಕುಡೀಬೇಕು" ಎಂದು ಕಟ್ಟಪ್ಪಣೆ ಮಾಡಿ ಹೋದರು. ನಾಡಿ ಎಣಿಸಲು ಮಾಸ್ತರರು ಬಂದೇ ಬರುವರು, ಅವರ ಎದುರಿಗೆ ಮಾವನಿಗೆ ಕುಡಿಯಲು ಆಗದು. ಮಾಸ್ತರರು ಗೋಡೆಯ ಕಡೆ ತಿರುಗಿ ಕೂತರು. ಬಂದವರನ್ನು ಗೋಡೆಗೆ ಮುಖ ಮಾಡಿಸಿ ಕೂರಿಸಿದ ಪಾಪ ಬೇಡವೆಂದು ಮಾವ ಕಪ್ಪು ಕೆಳಗಿಟ್ಟರು. ನಡುವೆ ರಂಜಾನ್ ಬಂತು. ಮಾಸ್ತರರಿಗೆ ರೋಜಾ, ಈಗಲಾದರೂ ಕರೆಯುವಂತಿಲ್ಲ ಎಂದು ನಾವು ಉಸಿರು ಬಿಟ್ಟರೆ, ಉಪವಾಸ ಇದ್ದವರ ಎದುರು ತುಟಿ ಹಸಿ ಮಾಡುವುದು ಇನ್ನೂ ದೊಡ್ಡ ತಪ್ಪೆಂದು ಮಾವ ಕೂತರು. ನಾಲ್ಕು ದಿನ ಔಷಧ ತಪ್ಪಿತು. ಕಾಲಿನಲ್ಲಿ ಮತ್ತೆ ಕುಳಿ ಬಿತ್ತು.

ಐದನೆಯ ದಿನ ಬಾಗಿಲ ಹಿಂದಿನಿಂದ ನಾನೇ ಅಂದೆ. ಒಮ್ಮೆ ಮಾತಾಡಿದ್ದಾಗಿತ್ತು, ಇನ್ನೇನು. "ಮಾಸ್ತರ್ರಿಗೆ ನಾ ಬ್ಯಾರೆ ಕಷಾಯ ಮಾಡಿಕೊಡ್ತೇನ್ರಿ. ರೋಜಾ ಮುಗಿಯೂತನಕ ಬೀಬಮ್ಮಾರ ಕೈಯಾಗ ಕೊಟ್ಟು ಕಳಸ್ತೇನಿ, ಸಂಜಿಕೆ ಕುಡೀಲಿ, ನೀವೂ ಅದ ಹೊತ್ತಿಗೆ ಕುಡೀರಿ. ಆಮ್ಯಾಲೆ ಇಲ್ಲೇ ಕೂಡಿ ಕುಡೀರಿ."

"ಕಹಿ ಇರಬೇಕವ್ವಾ" ಎಂದರು ಮಾವ. "ನನಗೊಂದು, ಅವರಿಗೊಂದು ಆಗಬಾರದು."

ನಾನು ನೆಲಬೇವು ಕುದಿಸಿದೆ. ಮಾವ ಒಂದು ಚಮಚ ಔಷಧ, ಒಂದು ಚಮಚ ಕಷಾಯ ಸವಿದು ನೋಡಿ, ಎರಡೂ ಒಂದೇ ಸಮ ಕಹಿ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದರು. ಹೀಗೆ ಯಾವ ರೋಗವೂ ಇಲ್ಲದ ಹುಸೇನ ಮಾಸ್ತರರು ಗೆಳೆಯನ ಸಲುವಾಗಿ ಆರು ವರ್ಷ ದಿನಾ ಬೆಳಿಗ್ಗೆ ಬೇಡದ ನೆಲಬೇವಿನ ಕಷಾಯ ಕುಡಿದರು. ದಿನಾ ಎರಡು ಸಲ ಒಲ್ಲೆ ಎಂದೇ ಕುಡಿದರು. ಬಾಟಲಿಗೆ ಹಲ್ಲು ಇತ್ತು, ಕಷಾಯಕ್ಕೂ ಬೇಕೆಂದು ಮಾವ ಅದರ ಬಾಟಲಿಗೂ ಕಾಗದ ಕತ್ತರಿಸಿ ಅಂಟಿಸಿದ್ದರು.

ಮಾವನಿಗೆ ಆ ಆರು ವರ್ಷದ ಆಯುಷ್ಯ ಕೊಟ್ಟದ್ದು ಯಾವುದು, ಔಷಧವೋ ಗೆಳೆತನವೋ ಎಂದು ಡಾಕ್ಟರನ್ನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಾವ ಅಂಗಡಿಯಲ್ಲಿ ಬಟ್ಟೆಯ ಗಂಟಿಗೆ ಒರಗಿದವರು ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಮಾಸ್ತರರು ಪಡಸಾಲೆಗೆ ಬಂದು ಕೂತರು. ಜೇಬಿನಿಂದ ಗಡಿಯಾರ ತೆಗೆದರು. ಹಿಡಿಯಲು ಮಾವನ ಕೈಯಿಲ್ಲದೆ ಅದನ್ನು ಚಾಪೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತರು. ನಾನು ಒಳಗೆ ರೂಢಿಯಂತೆ ಕಷಾಯ ಕುದಿಸಿಬಿಟ್ಟಿದ್ದೆ. ಕಪ್ಪಿಗೆ ಸುರಿದು, ಬಸಿಯ ಮೇಲಿಟ್ಟು, ಹೊಸ್ತಿಲಿಗೆ ಬಂದೆ. ಬಳೆ ಸದ್ದು ಮಾಡಿ ಏನು ಪ್ರಯೋಜನ, ಕರೆಯುವವರು ಇರಲಿಲ್ಲ. ಅತ್ತೆ ಒಳಗೆ ಗೋಡೆಗೆ ಒರಗಿ ಕೂತಿದ್ದವರು ನನ್ನನ್ನು ನೋಡಿ, "ಹೋಗು" ಎಂದು ಕಣ್ಣಲ್ಲೇ ಅಂದರು. ನಾನು ಹೊರಗೆ ಹೋದೆ.

"ಮಾಸ್ತರ್ರ, ತಗೋರಿ."

"ಒಲ್ಲೆವ್ವಾ."

"ತಗೋರಿ."

"ಈಗಷ್ಟ ಮನ್ಯಾಗ ಆಗೈತಿ."

"ತಗೋರಿ, ಮಾಸ್ತರ್ರ."

ಮಾಸ್ತರರು ಕಪ್ಪು ಎತ್ತಿಕೊಂಡರು. ಬಾಯಿಯ ತನಕ ಒಯ್ದು ನಿಲ್ಲಿಸಿದರು. ಆಮೇಲೆ ಅರ್ಧವನ್ನು ಬಸಿಗೆ ಸುರಿದು, ಬಸಿಯನ್ನು ನನ್ನ ಕಡೆ ಸರಿಸಿದರು. "ನೀನ ಎದುರಿಗೆ ನಿಂತಿ. ನಾ ಒಬ್ಬಾವನ ಹ್ಯಾಂಗ ಕುಡೀಲವ್ವಾ?" ಎಂದರು.

ನಾನು ಹೊಸ್ತಿಲ ಮೇಲೆ ಕೂತು ಬಸಿ ಎತ್ತಿ ಕುಡಿದೆ. ಆರು ವರ್ಷ ಕುದಿಸಿದ್ದರೂ ಒಂದು ದಿನವೂ ರುಚಿ ನೋಡಿರಲಿಲ್ಲ. ನನಗೆ ಮಾವನಷ್ಟು ಮರ್ಯಾದೆ ಎಲ್ಲಿ ಬರಬೇಕು, ಮುಖ ಕಿವುಚಿದೆ. ಮಾಸ್ತರರು ಬೆಲ್ಲದ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು.